ಏಳನೇ ಕಂಬದವರೆಗೆ

ಟಿಕ್.

ರಾತ್ರಿ ಹನ್ನೊಂದೂವರೆಗೆ ಕೇಳಿದ್ದು ಇಷ್ಟೇ ಸದ್ದು. ಬಾಲ್‌ಪೆನ್ ಒತ್ತಿದಷ್ಟು ಸಣ್ಣದು. ಮಲಗಿದರೂ ಒಂದು ಕಿವಿ ಎದ್ದೇ ಇರುವಂಥ ಹೆಣ್ಣಿಗೆ ಅಷ್ಟು ಸಾಕಾಗಿತ್ತು.

ಸದ್ದು ಬಂದದ್ದು ಬಾಲ್ಕನಿಯ ಕಡೆಯಿಂದ. ಅದರ ಬೆನ್ನಿಗೇ ಬಾಲವೊಂದು ನೆಲಕ್ಕೆ ಪಟಪಟ ಬಡಿದದ್ದು ಕೇಳಿಸಿತು. ಆಮೇಲೆ ಏನನ್ನೋ ಚಪ್ಪರಿಸುವ ಸದ್ದು.

ಅವಳು ಬರಿಗಾಲಲ್ಲಿ ಹೋಗಿ ದೀಪ ಹಾಕಿದಳು. ಸೂಜಿ ಮೂಲೆಯಲ್ಲಿ ಕೂತು, ಹಾಲು ಕದ್ದು ಕುಡಿದ ಬೆಕ್ಕಿನ ಹಾಗೆ ಬಾಯಿ ನೆಕ್ಕಿಕೊಳ್ಳುತ್ತಿತ್ತು. ಸೂಜಿ ನಾಲ್ಕು ತಿಂಗಳ ನಾಯಿಮರಿ. ಹಲ್ಲಿನ ಚೂಪು ನೋಡಿ ಅಕ್ಕ ಇಟ್ಟ ಹೆಸರು. ಅದರ ಮುಂಗಾಲಿನ ಪಕ್ಕ ಬಿಳಿಯ ಚೂರೊಂದು ಬಿದ್ದಿತ್ತು. ಪಕ್ಕದ ಮನೆಯ ಬಾಲ್ಕನಿಗೂ ಅವಳದಕ್ಕೂ ನಡುವೆ ಇದ್ದದ್ದು ಒಂದು ತಗಡಿನ ಅಡ್ಡಗೋಡೆ, ಅದರ ಕೆಳಗೆ ನಾಲ್ಕು ಬೆರಳಿನಷ್ಟು ಸಂದು.

ಆ ಸಂದಿನಿಂದ ಯಾರೋ ತನ್ನ ನಾಯಿಗೆ ಏನನ್ನೋ ತಿನ್ನಿಸುತ್ತಿದ್ದಾರೆ. 

ಅವಳು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಪ್ರತಿ ಲೇಬಲ್ಲನ್ನೂ ಮೂರು ಸಲ ಓದಿ, ಅನುಮಾನ ಬಂದು ನಾಲ್ಕನೆಯ ಸಲ ಓದುವವಳು. ಚೂರನ್ನು ಇಕ್ಕಳದಲ್ಲಿ ಎತ್ತಿ ಜಿಪ್ ಕವರಿಗೆ ಹಾಕಿದಳು. ಮೇಲೆ ತಾರೀಖು, ಸಮಯ ಬರೆದು ಫ್ರಿಜ್ಜಿನಲ್ಲಿಟ್ಟಳು.

ಪಕ್ಕದ ಮನೆಗೆ ಎರಡು ತಿಂಗಳ ಹಿಂದೆ ಬಂದವನು ಲಿಫ್ಟ್ ಮೆಕ್ಯಾನಿಕ್. ಸೆಕೆಂಡ್ ಶಿಫ್ಟ್ ಮುಗಿಸಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದ. ಮೊದಲ ದಿನವೇ ಮೆಟ್ಟಿಲ ಮೇಲೆ ಬಗ್ಗಿ ಸೂಜಿಗೆ ಬಿಸ್ಕತ್ತು ಚಾಚಿದ್ದ. "ನಮ್ಮ ನಾಯಿಗೆ ಹೊರಗಿನವರು ಏನೂ ಕೊಡಬಾರದು" ಎಂದಿದ್ದಳು. ಕರೆಂಟ್ ಹೊಡೆದವನಂತೆ ಕೈ ಹಿಂದಕ್ಕೆ ಎಳೆದುಕೊಂಡಿದ್ದ. ಆದರೆ ಅಂದಿನಿಂದ ಎದುರು ಸಿಕ್ಕಾಗಲೆಲ್ಲ ಅವನ ಬಾಯಿ ಸುಮ್ಮನಿರುತ್ತಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಕಣ್ಣಿನಲ್ಲಿ ಮಾತ್ರ ನಗುವವರನ್ನು ಅವಳು ನಂಬುತ್ತಿರಲಿಲ್ಲ.

ಮೊದಲೇ ಅವಳ ತಲೆ ಚಿಟ್ಟು ಹಿಡಿದಿತ್ತು. ಬಿಲ್ಡಿಂಗಿನ ಸೆಕ್ರೆಟರಿ ಗಡುವು ಕೊಟ್ಟಿದ್ದರು: "ತಿಂಗಳ ಕೊನೆಯೊಳಗೆ ಮರಿ ಹೊರಗೆ ಹೋಗಿ ಕೆಲಸ ಮುಗಿಸೋದು ಕಲೀಬೇಕಮ್ಮ. ಇಲ್ಲಾಂದ್ರೆ ಮರಿಯೇ ಹೊರಗೆ ಹೋಗಲಿ." ಉಳಿದದ್ದು ಹನ್ನೆರಡು ದಿನ. ಸೂಜಿಯೋ, ಬೆಲ್ಟಿನ ಕೊಂಡಿಯನ್ನು ಕತ್ತುಪಟ್ಟಿಗೆ ಹಾಕುವ ಸದ್ದು ಕೇಳಿದರೇ ಸೋಫಾ ಕೆಳಗೆ ತೂರಿಕೊಳ್ಳುತ್ತಿತ್ತು. ಎತ್ತಿಕೊಂಡು ಗೇಟಿನ ಹೊರಗೆ ಇಳಿಸಿದರೆ ಒದ್ದೆ ಗೋಣಿಚೀಲದ ಹಾಗೆ ಕೂತು, ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಬೆಳಿಗ್ಗೆ ಜಿಪ್ ಕವರ್ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು.

"ಇದೇನು ಹೇಳಿ."

ಅವನು ತಲೆಗೂದಲು ಕೆದರಿಕೊಂಡೇ ಕವರನ್ನು ಬೆಳಕಿಗೆ ಹಿಡಿದ. "ಮೊಟ್ಟೆ. ಬೇಯಿಸಿದ್ದು." ಲೇಬಲ್ ಓದಿದ. "ಹನ್ನೊಂದು ಮೂವತ್ತೆರಡು. ಹಾಗಾದ್ರೆ ನನ್ನ ಗಡಿಯಾರ ಎರಡು ನಿಮಿಷ ಹಿಂದಿದೆ."

"ತಮಾಷೆ ಬೇಡ. ಎಷ್ಟು ದಿನದಿಂದ ನಡೀತಿದೆ?"

"ಆರು ರಾತ್ರಿ."

ಅವನು ಸುಳ್ಳು ಹೇಳುತ್ತಾನೆಂದು ಅವಳು ಸಿದ್ಧವಾಗಿ ಬಂದಿದ್ದಳು. ಅವನು ಒಳಗಿಂದ ಒಂದು ಬೆಲ್ಟಿನ ಕೊಂಡಿ ತಂದು ಅಂಗೈ ಮೇಲಿಟ್ಟು ತೋರಿಸಿದ. ಬೆಲ್ಟ್ ಇರಲಿಲ್ಲ, ಕೊಂಡಿ ಮಾತ್ರ.

"ನೀವು ಬೆಳಿಗ್ಗೆ ಕೊಂಡಿ ಹಾಕೋ ಸದ್ದಿಗೆ ಅದು ಓಡಿಹೋಗೋದು ನನ್ನ ಮನೆಗೂ ಕೇಳುತ್ತೆ. ಟಿಕ್ ಅಂದ್ರೆ ಮೊಟ್ಟೆ ಅಂತ ಅದರ ತಲೇಲಿ ಕೂತ್ರೆ ಓಡಲ್ಲ ಅಂತ..."

"ನನ್ನ ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಅದಕ್ಕೇ ಕೇಳಬೇಕಿತ್ತು."

ಅವನ ಕಣ್ಣಿನ ನಗು ಆರಿತು. "ಹೌದು. ತಪ್ಪು ನಂದೇ. ಇನ್ನು ಮಾಡಲ್ಲ."

ಹೇಳಿದ ಹಾಗೆಯೇ ಮಾಡಲಿಲ್ಲ. ಎರಡು ರಾತ್ರಿ ಸೂಜಿ ಆ ಸಂದಿಗೆ ಮೂಗು ಒತ್ತಿ ಕುಂಯ್‌ಗುಟ್ಟಿತು. ಮೂರನೆಯ ಬೆಳಿಗ್ಗೆ ಅವಳು ಸುಮ್ಮನೆ ಕೊಂಡಿಯನ್ನು ಟಿಕ್ ಅನ್ನಿಸಿದಳು. ಮರಿ ಸೋಫಾ ಕೆಳಗೆ ತೂರಲಿಲ್ಲ. ಓಡಿಬಂದು ಅವಳ ಪಾದದ ಮೇಲೆ ಕೂತು, ಮೊಟ್ಟೆ ಎಲ್ಲಿ ಎನ್ನುವಂತೆ ಮುಖ ನೋಡಿತು.

ಅವಳು ಮತ್ತೆ ಅದೇ ಬಾಗಿಲು ತಟ್ಟಿದಳು.

"ಕಲಿಸೋದಾದ್ರೆ ಹಗಲಲ್ಲಿ ಕಲಿಸಿ. ನನ್ನ ಕಣ್ಣೆದುರಿಗೆ."

"ಕಣ್ಣೆದುರಿಗೇನು, ಕೈಯಿಂದಲೇ ಕಲಿಸೋಣ ಬನ್ನಿ ಮೇಡಂ."

ಗೇಟಿನ ಹೊರಗೆ ಅವನು ಗೋಡೆಗೊರಗಿ ಸ್ವಲ್ಪ ಹೊತ್ತು ಅವಳನ್ನೂ ಮರಿಯನ್ನೂ ನೋಡಿದ. ಅವಳು ಬೆಲ್ಟನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಎರಡು ಹೆಜ್ಜೆ ಇಡುತ್ತಿದ್ದಳು, ತಿರುಗಿ ನೋಡುತ್ತಿದ್ದಳು.

"ನೀವು ತಿರುಗಿ ನೋಡಿದಾಗೆಲ್ಲ ಅದು ನಿಲ್ಲುತ್ತೆ."

"ಅದು ನಿಂತಿದ್ದಕ್ಕೇ ರೀ ನಾನು ತಿರುಗೋದು!"

"ಎದುರಿಗೆ ನಿಂತು ಒಬ್ಬರು ದಿಟ್ಟಿಸಿದ್ರೆ ಮರಿ ಮುಂದೆ ಬರೋದು ಹೇಗೆ? ಅನುಮಾನ ಇದ್ರೆ ಇಲ್ಲಿ ನೋಡಿ." ಅವನು ಅವಳ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಅವಳ ಕಣ್ಣಿಗೇ ಕಣ್ಣಿಟ್ಟ. "ಈಗ ನಡ್ಕೊಂಡು ಬನ್ನಿ ನನ್ನ ಕಡೆಗೆ."

ಅವಳಿಂದ ಒಂದು ಹೆಜ್ಜೆಯೂ ಆಗಲಿಲ್ಲ. ಕಾಲಿಗೆ ಯಾರೋ ಮೊಳೆ ಹೊಡೆದಂತಿತ್ತು.

"ನೋಡಿದ್ರಾ? ದುರುಗುಟ್ಟಿದ್ರೆ ಯಾರೂ ನಡೆಯಲ್ಲ."

ಅವನು ದುರುಗುಟ್ಟಿರಲೇ ಇಲ್ಲ ಎನ್ನುವುದೇ ಅವಳ ತೊಂದರೆಯಾಗಿತ್ತು.

ಮರುದಿನದಿಂದ ಬೆಲ್ಟು ಸಡಿಲವಾಯಿತು. ಮುಖ ಮುಂದಕ್ಕೆ, ಮೊಟ್ಟೆಯ ಚೂರು ತೊಡೆಯ ಪಕ್ಕದಲ್ಲಿ. ಮೊದಲ ದಿನ ಒಂದು ದೀಪದ ಕಂಬ, ಆಮೇಲೆ ಎರಡು. ಏಳನೇ ಕಂಬದ ಪಕ್ಕದಲ್ಲಿ ಹುಲ್ಲು ಬೆಳೆದ ಖಾಲಿ ಸೈಟು. ಅಲ್ಲಿಗೆ ಮುಟ್ಟಿದರೆ ಸೆಕ್ರೆಟರಿಯ ಬಾಯಿ ಮುಚ್ಚುತ್ತದೆ. ಆದರೆ ನಾಲ್ಕನೆಯದು ದಾಟುವಷ್ಟರಲ್ಲಿ ಅವಳ ಕುತ್ತಿಗೆ ತಾನಾಗಿಯೇ ತಿರುಗಿಬಿಡುತ್ತಿತ್ತು. ಮರಿ ನಿಲ್ಲುತ್ತಿತ್ತು.

"ಹಗ್ಗ ಕಂಡ್ರೂ ಹಾವು ಅನ್ನೋ ಸ್ವಭಾವ," ಎಂದ ಅವನು.

"ಯಾರದ್ದು? ಮರೀದಾ?"

"ನಾನು ಮರೀನ ಮಾತ್ರ ಬೈತೀನಿ. ಬಾಕಿಯೋರ ಹತ್ರ ಜಿಪ್ ಕವರ್ ಇರುತ್ತೆ."

ಅವಳಿಗೆ ನಗು ಬಂತು. ನಕ್ಕದ್ದಕ್ಕೆ ತನ್ನ ಮೇಲೇ ಅನುಮಾನವೂ ಬಂತು. ನಡುರಾತ್ರಿ ಮಲಗುವವನು ಬೆಳಿಗ್ಗೆ ಆರಕ್ಕೆ ಏಳುವುದೇಕೆ? ಫೋನಿನಲ್ಲಿ ಅಕ್ಕ ಬೇರೆ ಒಗ್ಗರಣೆ ಹಾಕಿದ್ದಳು: "ನಾಯಿ ನೆಪ, ಗುರಿ ನೀನು ಕಣೇ. ದಿನಾ ಏನೇನಾಯ್ತು ಅಂತ ನನಗೆ ಒಂದೂ ಬಿಡದೆ ಹೇಳು." ಅವಳು ಒಂದೂ ಬಿಡದೆ ಹೇಳುತ್ತಿದ್ದಳು.

"ನಿಮಗೇನು ಲಾಭ ಇದರಿಂದ?" ಒಂದು ದಿನ ಕೇಳಿಯೇಬಿಟ್ಟಳು.

ಅವನು ಬಗ್ಗಿ ಸೂಜಿಯ ಕಿವಿ ತುರಿಸಿದ. "ನೀವು ದಿನಾ ಬೆಳಿಗ್ಗೆ ಬಾಗಿಲ ಹತ್ರ ಮರಿಗೆ ಹೇಳೋದು ಕೇಳಿಸ್ತಿತ್ತು. 'ಒಂದೇ ಒಂದು ಹೆಜ್ಜೆ ಕಣೋ, ನನ್ನ ನಂಬೋ' ಅಂತ. ಲಿಫ್ಟಿನ ಬಾವಿಯೊಳಗೆ ದಿನವಿಡೀ ಒಬ್ಬನೇ ಇರ್ತೀನಿ. ಅಲ್ಲಿ ಆ ಮಾತು ನೆನಪಾಗ್ತಿತ್ತು." ಕೈ ಇನ್ನೂ ಸೂಜಿಯ ಕಿವಿಯ ಮೇಲೇ ಇತ್ತು. "ಮರಿ ಬದಲು ನಾನೇ ಬಂದುಬಿಡೋಣ ಅನ್ನಿಸ್ತಿತ್ತು."

 ಅವಳು ಮನೆಗೆ ಹೋಗಿ ಆ ಮಾತನ್ನು ಲೇಬಲ್ಲಿನ ಹಾಗೆ ಮನಸ್ಸಿನಲ್ಲೇ ನಾಲ್ಕು ಸಲ ಓದಿಕೊಂಡಳು.

ತಿಂಗಳ ಕೊನೆಯ ದಿನ ಸೆಕ್ರೆಟರಿ ಕಾಫಿ ಲೋಟ ಹಿಡಿದು ಗೇಟಿನಲ್ಲೇ ನಿಂತಿದ್ದರು. "ಇವತ್ತೇ ಕೊನೆ ಅಲ್ವೇನಮ್ಮ? ಮರಿ ತಗೊಳ್ಳೋಕೆ ನಮ್ಮ ಭಾವಮೈದುನನ ಗೋಡೌನಿನಲ್ಲಿ ರೆಡಿ ಇದ್ದಾರೆ, ಕಾವಲಿಗೆ." ಗೋಡೌನು ಎಂದದ್ದೇ ಅವಳ ಕಣ್ಣು ಮರಿಯನ್ನು ಬಿಟ್ಟು ಸೆಕ್ರೆಟರಿಯ ಮುಖಕ್ಕೆ ಹೋಯಿತು. ಬಗ್ಗಿ ಕೊಂಡಿ ಹಾಕಿದಳು. ಟಿಕ್ ಎಂದದ್ದು ಕೇಳಿಸಿತು. ಎದ್ದು ಹೊರಟಳು.

ಒಂದನೇ ಕಂಬ. ಎರಡು. ಬೆಲ್ಟು ಕೈಯಲ್ಲಿ ಹೂವಿನಷ್ಟು ಹಗುರವಾಗಿತ್ತು. ಕಲಿತ ನಾಯಿಯ ಭಾರ ಇಷ್ಟೇ ಇರಬೇಕು ಎಂದುಕೊಂಡಳು.

"ತಿರುಗಬೇಡಿ," ಹಿಂದಿನಿಂದ ಅವನ ದನಿ.

"ತಿರುಗಿಲ್ಲವಲ್ಲ."

"ಏನೇ ಆದ್ರೂ ತಿರುಗಬೇಡಿ. ಹೀಗೇ ನಡೀತಾ ಇರಿ." ಅವನ ಹೆಜ್ಜೆಗಳು ಬೇಗಬೇಗನೆ ರಸ್ತೆಯ ಕಡೆಗೆ ಬಂದವು. ಬಸ್ಸೊಂದು ಬುಸ್ಸೆಂದು ಹಾದುಹೋಯಿತು.

"ನಿಮ್ಮ ದನಿ ಯಾಕೆ ಹೀಗಿದೆ? ಏನು ಮುಚ್ಚಿಡ್ತಿದ್ದೀರಿ?"

"ಹೌದು, ಮುಚ್ಚಿಡ್ತಿದ್ದೀನಿ. ಏಳನೇ ಕಂಬದಲ್ಲಿ ಹೇಳ್ತೀನಿ."

ಹುಟ್ಟಿದಾಗಿನಿಂದ ಬಂದ ಬುದ್ಧಿಯೆಲ್ಲ ಒಟ್ಟಾಗಿ ಅವಳ ಕುತ್ತಿಗೆ ಹಿಡಿದು ತಿರುಗಿಸಲು ನೋಡಿತು. ಮುಚ್ಚಿಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳುವವನನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ನಾಲ್ಕು. ಐದು. ಕಣ್ಣಲ್ಲಿ ನೀರು ಬಂತು, ಕುತ್ತಿಗೆ ಮಾತ್ರ ಅಲುಗಲಿಲ್ಲ. ಆರು. ಏಳು.

ತಿರುಗಿದಳು.

ಸೂಜಿ ಹುಲ್ಲಿನಲ್ಲಿ ಗಂಭೀರವಾಗಿ ಕೂತು ತನ್ನ ಕೆಲಸ ಮುಗಿಸುತ್ತಿತ್ತು. ಅವಳ ಕೈಯಿಂದ ಇಳಿದ ಬೆಲ್ಟಿನ ತುದಿಯಲ್ಲಿ ಕೊಂಡಿ ಮುಚ್ಚಿಕೊಂಡು ಜೋಲಾಡುತ್ತಿತ್ತು. ಅದರಲ್ಲಿ ಯಾವ ನಾಯಿಯೂ ಇರಲಿಲ್ಲ. ಮೂರು ಸಲ ನೋಡುವವಳು ಇವತ್ತು ಒಂದು ಸಲವೂ ನೋಡಿರಲಿಲ್ಲ. ಕೊಂಡಿ ಗಾಳಿಯನ್ನು ಕಚ್ಚಿಕೊಂಡಿತ್ತು.

ಅವಳು ಓಡಿಹೋಗಲಿಲ್ಲ. ನಿಧಾನವಾಗಿ ಕೂತು, ಕೊಂಡಿಯನ್ನು ಕತ್ತುಪಟ್ಟಿಯ ಉಂಗುರಕ್ಕೆ ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಸಿಡಿದಳು.

"ನೀವು ನೋಡಿದ್ರಿ!"

"ಎರಡನೇ ಕಂಬದಲ್ಲಿ."

"ಹೇಳಬೇಕಿತ್ತು!"

"ಹೇಳಿದ್ರೆ ನೀವು ಗಾಬರಿಯಾಗಿ ಕೈ ಚಾಚ್ತಿದ್ರಿ. ಅದು ರಸ್ತೆಗೆ ಹಾರ್ತಿತ್ತು. ನಾನು ಹಿಡಿಯೋಕೆ ಹೋಗಿದ್ರೂ ಅಷ್ಟೇ. ಅದಕ್ಕೇ ರಸ್ತೆ ಕಡೆಗೆ ಬಂದು..."

ಅವನ ಬಲಗೈ ಬಿಗಿ ಮುಷ್ಟಿಯಾಗಿತ್ತು. ಅವಳು ಆ ಮುಷ್ಟಿಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒಳಗೆ ಮೊಟ್ಟೆ ಹಿಟ್ಟಾಗಿತ್ತು. ಅಂಗೈಯಲ್ಲಿ ಉಗುರಿನ ನಾಲ್ಕು ಗುರುತು ಕೆಂಪಗೆ ಮೂಡಿತ್ತು.

"ಹೆದರಿದ್ರಾ?"

"ಹನ್ನೆರಡನೇ ಮಹಡೀಲಿ ಲಿಫ್ಟಿನ ತಲೆ ಮೇಲೆ ನಿಂತು ಕೆಲಸ ಮಾಡೋನು ನಾನು. ಇಷ್ಟು ಹೆದರಿದ್ದು ಇವತ್ತೇ." ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಇದಕ್ಕೇನಾದ್ರೂ ಆಗಿದ್ರೆ ನೀವು ಇನ್ಯಾರನ್ನೂ ನಂಬ್ತಿರಲಿಲ್ಲ. ನನಗೆ ನೀವು ಬೇಕು ರೀ. ಅದನ್ನ ಹೇಳೋ ಮುಂಚೆಯೇ ಎಲ್ಲ ಮುಗಿದುಹೋಗ್ತಿತ್ತು."

ಅವಳು ಕರ್ಚೀಫು ತೆಗೆದು ಅವನ ಅಂಗೈ ಒರೆಸಿದಳು. ಸೂಜಿಗೆ ಅದು ಅನ್ಯಾಯವೆನಿಸಿ ಕರ್ಚೀಫಿಗೇ ಬಾಯಿ ಹಾಕಿತು.

"ನಾನಿನ್ನೂ ಪೂರ್ತಿ ನಂಬಿಲ್ಲ," ಎಂದಳು ಅವಳು, ತಲೆ ಎತ್ತದೆ.

"ಗೊತ್ತು."

"ಏಳು ಕಂಬದಷ್ಟು ನಂಬಿದ್ದೀನಿ."

"ರಸ್ತೆ ಇನ್ನೂ ಉದ್ದ ಇದೆ."

"ಅದಕ್ಕೇನಂತೆ? ದಿನಾ ಬೆಳಿಗ್ಗೆ ಬರ್ತೀರಲ್ಲ."

ವಾಪಸು ಬರುವಾಗ ಗೇಟಿನಲ್ಲಿ ಸೆಕ್ರೆಟರಿ ಖಾಲಿ ಲೋಟ ಅಲ್ಲಾಡಿಸಿದರು. "ಪರವಾಗಿಲ್ಲಮ್ಮ, ಮರಿ ಬೆಲ್ಟಿಗೆ ಚೆನ್ನಾಗಿ ಒಗ್ಗಿದೆ. ಇರಲಿ ಬಿಡಿ." ಅವನು ಕೆಮ್ಮಿದ. ಅವಳು ತುಟಿ ಕಚ್ಚಿಕೊಂಡು ಮೆಟ್ಟಿಲು ಹತ್ತಿದಳು.

ಮನೆಯೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು. "ಏನಾಯ್ತೇ?" ಅಕ್ಕ ಹಲೋ ಕೂಡ ಅನ್ನದೆ ಕೇಳಿದಳು.

"ಸೂಜಿ ನಡೀತು ಕಣಕ್ಕ. ಏಳನೇ ಕಂಬದವರೆಗೂ."

"ಅಷ್ಟೇನಾ?"

ಖಾಲಿ ಕೊಂಡಿ, ಹಿಟ್ಟಾದ ಮೊಟ್ಟೆ, ಅಂಗೈಯ ನಾಲ್ಕು ಗುರುತು ಎಲ್ಲ ನಾಲಿಗೆಯ ತುದಿಗೆ ಬಂದವು. ಹೇಳಿದರೆ ಅಕ್ಕ ಒಂದೊಂದನ್ನೂ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಇಬ್ಬರೂ ಸೇರಿ ಅನುಮಾನಿಸಿದರೆ ಉಳಿಯುವುದೇನು?

"ಅಷ್ಟೇ," ಎಂದಳು. ಉಳಿದದ್ದನ್ನು ಅಕ್ಕನಿಗಷ್ಟೇ ಅಲ್ಲ, ಯಾರೊಬ್ಬರಿಗೂ ಹೇಳುವುದಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಿದಳು.