ಮೋಡದೂರಿನ ಕಂಬಳಿ

ಲಾಡ್ಜಿನ ಹಿತ್ತಲಿನ ಜರಿಗಿಡಗಳ ಬುಡದಲ್ಲಿ ಕರಿ ಕಂಬಳಿ ಕತ್ತರಿಗೆ ಸಿಕ್ಕು ಎರಡು ತುಂಡಾಗಿ ಬಿದ್ದಿತ್ತು. ಸೋನಾಲಿ ಎತ್ತಿ ನೋಡಿದರೆ ಅದರಡಿಯ ಹುಲ್ಲು ಬಿಳಿಚಿಕೊಂಡಿತ್ತು.

ಅವಳ ಅವ್ವ ಸಾಯುವ ಮುಂಚೆ ನೂತ ಕೊನೆಯ ನೂಲು ಅದು. ಅಪ್ಪ ಬೀರದೇವ ನೇಯ್ದು, ಹುಣಸೆಬೀಜದ ಗಂಜಿ ಉಣಿಸಿ, ಹಲಗೆಯಂತೆ ಸೆಟೆದು ನಿಲ್ಲುವ ಹಾಗೆ ಮಾಡಿದ್ದ. ಕರಜಗಿಯಿಂದ ಈಕ್ವೆಡಾರಿನ ಈ ಮೋಡಗಾಡಿನ ಪುಟ್ಟ ಪ್ರವಾಸಿ ಊರಿಗೆ ಅದನ್ನು ಹೊತ್ತು ತಂದದ್ದು ಉಣ್ಣೆ ಮೇಳಕ್ಕೆಂದೇ. ನಾಳೆಯೇ ಮೇಳ. ಕತ್ತರಿಸಿದವನ ಹಲ್ಲು ಉದುರಿಸಲು ಸೋನಾಲಿಯ ಕೈ ತುರಿಸುತ್ತಿತ್ತು.

ಮೇಳಕ್ಕೆಂದು ಜೊತೆಗೆ ಬಂದಿದ್ದ ಊರ ಕಡೆಯ ತಂಡವೆಲ್ಲ ಎರಡು ದಿನ ಜಲಪಾತ ನೋಡಿಕೊಂಡು ಅಂದು ಮರಳಿತ್ತು. ಕಾಲುನೋವೆಂದು ಮುಖಂಡ ಅಣ್ಣಾರಾಯ ಮಾತ್ರ ಲಾಡ್ಜಿನಲ್ಲಿ ಉಳಿದಿದ್ದ.

"ಬಂದ ಕೂಡ್ಲೆ ನಾ ನೋಡೇನ್ರಿ," ಎಂದ ಜತ್ತಿನ ಕಂಬಳಿ ವ್ಯಾಪಾರಿ ಮಹಾಂತ. "ಹಿತ್ತಲ ಜಗಲ್ಯಾಗ ಬೀರಣ್ಣ ಇಟ್ಟಲ್ಲೇ ಗ್ವಾಡಿಗೆ ಸೆಟದ ನಿಂತಿತ್ತು. ನಾವು ಊಟಕ್ಕ ಕುಂತಾಗ ಯಾರೋ ಕತ್ತರ್ಸ್ಯಾರ."

"ನಾ ಅದನ್ನ ನೋಡೇ ಇಲ್ರಿ. ನೀವ ಸಂಗಾಟ ಒಯ್ದೀರಿ ಅನ್ಕೊಂಡಿದ್ದೆ," ಎಂದ ಅಣ್ಣಾರಾಯ. ಯಾರೂ ನಂಬಲಿಲ್ಲ.

ನಿವೃತ್ತ ಶಾಲಾ ಶಿಕ್ಷಕಿ ಇಂದ್ರಾಬಾಯಿ ಅಕ್ಕೋರೂ ತಂಡದೊಂದಿಗೆ ಬಂದಿದ್ದರು. ಬಿಳೂರಿನ ಕಡೆ ಯಾರ ಮನೆಯಲ್ಲಿ ಕಳವಾದರೂ ಜನ ಮೊದಲು ಓಡುವುದು ಈ ಮುದುಕಿಯ ಬಳಿಗೆ, ಅಕ್ಕೋರ ಬೆನ್ನಿಗೆ ಸದಾ ಹಳೆಯ ಶಿಷ್ಯೆ ಸೋನಾಲಿ. "ಸಿಟ್ಟ ಆಮ್ಯಾಲ. ಮೊದಲ ಹೊಟ್ಟಿಗೆ ಹಾಕೊ," ಎಂದರು ಅಕ್ಕೋರು ಅವಳಿಗೆ.

ಕೋಣೆಯಲ್ಲೇ ಬಿಟ್ಟುಹೋಗಿದ್ದ ಗಂಟಿನಿಂದ ಸೋನಾಲಿ ಒಂದು ಕಡಕ್ ರೊಟ್ಟಿ ಮುರಿಯಹೋದಳು. ಅದು ಮುರಿಯದೆ ಬಾಗಿತು. ಅಕ್ಕೋರು ಅದನ್ನು ಕಸಿದುಕೊಂಡು ಸೆರಗಿನಲ್ಲಿ ಕಟ್ಟಿದರು. "ಮೊನ್ನೆ ಜಲಪಾತಕ್ಕ ಹೊರಡುವಾಗ ಬಸ್ಸಿನಿಂದ ಮತ್ತ ಇಳದಾವ್ರು ಯಾರು?"

"ಮಹಾಂತ ಕಾಕಾ. ಛತ್ರಿ ಮರ್ತೇನಿ ಅಂತ ಒಳಗ ಹೋಗಿದ್ರು."

ಸಂಜೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಸಕ್ಕರೆ ನೀರಿನ ಬಾಟಲಿಗೆ ಪುಟ್ಟ ಹಕ್ಕಿಗಳು ಮುತ್ತಿದ್ದವು. ಅಕ್ಕೋರು ರೊಟ್ಟಿ ಎತ್ತಿ ಹಿಡಿದರು. ಅದು ಜೋತುಬಿತ್ತು.

"ಈ ಮಂಜಿನ್ಯಾಗ ಮುಚ್ಚಿಟ್ಟ ರೊಟ್ಟಿನೇ ಹಿಂಗಾಗೇದ. ಬಯಲಾಗ ಇಟ್ಟ ಗಂಜಿ ಕಂಬಳಿ ಇವತ್ತ ಹ್ಯಾಂಗ ಸೆಟದ ನಿಂತಿತ್ತು, ಮಹಾಂತಪ್ಪ? ಹುಲ್ಲು ಬಿಳಿಚೇದ ಅಂದ್ರ ತುಂಡು ಬಿದ್ದು ಎರಡ ದಿನ ಆಗ್ಯಾವ. ಛತ್ರಿ ನೆವದಾಗ ಹೋಗಿ ನೀ ಕತ್ತರ್ಸಿದಾಗ ಅದು ಸೆಟದಿತ್ತು. ಜತ್ತಿನ ಒಣ ಹವಾದಾಗ ವರ್ಷಗಟ್ಟಲೆ ಹಂಗೇ ನಿಲ್ತದ. ಇಲ್ಲೂ ನಿಂತೀತು ಅಂತ ತಿಳದಿ. ಇಲ್ಲೇ ಇದ್ದು ಮಂಜು ನೋಡಿದ ಅಣ್ಣಾರಾಯ ಸುಳ್ಳು ಹೇಳೂದಾದ್ರ ಅದು ಕುಸದ ಬಿದ್ದಿತ್ತು ಅಂತಿದ್ದ."

ಮಹಾಂತನ ಮುಖ ಕಪ್ಪಿಟ್ಟಿತು. "ಸಂತ್ಯಾಗ ಮಂದಿ ಮುಂದ ನನ್ನ ಮಾಲು ಮಿಲ್ಲಿಂದು ಅಂದಿ, ಬೀರಣ್ಣ. ಮಾನಾ ಕಳದಿ."

"ಮಿಲ್ಲಿಂದೇ ಇತ್ತಲ್ಲ," ಎಂದ ಬೀರದೇವ. ದಬ್ಬಳದ ದಪ್ಪ ಸೂಜಿ, ಬಿಳಿ ದಾರ ತಂದು ಅವನ ಮುಂದಿಟ್ಟ. "ಹೊಲಿ. ನಾಳೆ ಇದು ಹಿಂಗೇ ಮೇಳದಾಗ ತೂಗ್ತದ. ಬಾಜೂಕ ನೀ ನಿಂತು, ಕೇಳಿದಾವ್ರಿಗೆಲ್ಲಾ ಕತ್ತರ್ಸಿದಾಂವ ನಾನ ಅಂತ ಹೇಳಬೇಕು. ಇಲ್ಲಂದ್ರ ಜತ್ ಸಂತ್ಯಾಗ ನಾ ಹೇಳ್ತೀನಿ."

ಮಹಾಂತ ಹೊಲಿದ. ಬೆರಳಿಗೆ ದಬ್ಬಳ ಚುಚ್ಚಿ ರಕ್ತ ಬಂತು. ಅದನ್ನು ಕಂಡರೆ ಹೊಟ್ಟೆ ತಣ್ಣಗಾದೀತೆಂದು ಸೋನಾಲಿ ಎಣಿಸಿದ್ದಳು, ಆಗಲಿಲ್ಲ. ಕೊನೆಯ ಗಂಟು ಬಿದ್ದ ಮೇಲೆ ಅವಳು ಅವ್ವನ ನೂಲಿನ ಮೇಲೆ ಬೆರಳಾಡಿಸಿ ನೋಡಿದಳು.

"ಹೊಲಿಗಿ ಟಾಕಿ ದೂರ ದೂರ ಬಿದ್ದಾವ್ರಿ, ಕಾಕಾ," ಎಂದಳು ಮೆಲ್ಲಗೆ. "ಎಲ್ಲಾ ಬಿಚ್ಚಿ ಮತ್ತ ಹೊಲೀರಿ."