ಸದ್ದು ನಿಂತ ಗೋಡೆ

ಮತ್ತೆ ಕರೆದರೆ ಅವನು ಏನೆಂದುಕೊಂಡಾನು?

ಬೆಳಗಿನಿಂದ ಅವಳನ್ನು ಕೊರೆಯುತ್ತಿದ್ದದ್ದು ಇಷ್ಟೇ. ಡಿಗ್ರಿಯೇನೋ ಮುಗಿದಿತ್ತು, ಒಂದು ಫೋನ್ ಮಾಡುವ ಧೈರ್ಯ ಮಾತ್ರ ಯಾವ ಸೆಮಿಸ್ಟರಿನಲ್ಲೂ ಬಂದಿರಲಿಲ್ಲ.

ಅವನು ಮನೆಹೊಕ್ಕ ಕಾಡುಪ್ರಾಣಿಗಳನ್ನು ಕಾಪಾಡುವವನು. ಮೊದಲ ಸಲ ಬಂದಾಗ, ಅವಳ ಕೋಣೆಯ ಗೋಡೆಗೆ ಹೊಡೆದ ಹಲಗೆಗೆ ಕಿವಿಯಿಟ್ಟು ನಕ್ಕಿದ್ದ. "ಒಳಗೆ ಅಳಿಲು ಬಾಣಂತಿ ಇದ್ದಾಳೆ, ಹೊರಗೋಡೆಯ ತೂತೇ ಅವಳ ಬಾಗಿಲು. ಸದ್ದು ಮಾಡಿದರೆ ಮಾಡಲಿ, ಬಿಡಿ. ಸದ್ದು ನಿಂತರೆ ಮಾತ್ರ ತಕ್ಷಣ ಕರೀರಿ."

ಎರಡನೇ ಸಲ 'ಸದ್ದು ನಿಂತಿದೆ' ಎಂದು ಅವಳೇ ಕರೆದಿದ್ದಳು. ಒಳಗೆ ಮರಿಗಳು ಮನೆ ಕಿತ್ತುಹೋಗುವಂತೆ ಚೀರುತ್ತಿದ್ದವು. "ಮೇಡಂ, ಒಂದ್ಸಲ ಕಿವಿ ತೋರಿಸ್ಕೊಳ್ಳಿ," ಎಂದು ಅವನು ಕಣ್ಣಂಚಿನಲ್ಲೇ ಕೀಟಲೆ ಮಾಡಿದ್ದ. ಅವಳು ನೆಲಕ್ಕಿಳಿಸಿದ ನೋಟ ಅವನು ಗೇಟು ದಾಟುವವರೆಗೂ ಮೇಲೆದ್ದಿರಲಿಲ್ಲ.

ಇವತ್ತು ಬೆಳಗಿನಿಂದ ಸದ್ದು ನಿಜವಾಗಿಯೂ ನಿಂತಿತ್ತು.

ನಡು ಮಧ್ಯಾಹ್ನ. ಬಿಸಿಲು ಕೂಡ ಉಸಿರು ಬಿಗಿಹಿಡಿದಂತಿತ್ತು. ಕಿಟಕಿಯ ಹೊರಗೆ ಅಳಿಲೊಂದು ಗಾಜಿಗೆ ಅಂಗೈ ಒತ್ತಿ ನಿಂತಿತ್ತು. ಅವಳು ಹತ್ತಿರ ಹೋದಳು. ಅದು ಹೆದರಲಿಲ್ಲ, ಕದಲಲಿಲ್ಲ. ಕಪ್ಪು ಮಣಿಯಂಥ ಕಣ್ಣುಗಳು ಅವಳನ್ನು ದಾಟಿ ಗೋಡೆಯನ್ನೇ ನೋಡುತ್ತಿದ್ದವು. ಅವಳು ಬಾಗಿಲಲ್ಲಿದ್ದ ಸೋದರತ್ತೆಯ ಕಡೆ ತಿರುಗಿದಳು.

"ಅತ್ತೆ, ಹೊರಗಡೆ ಗೋಡೆಯ ತೂತು..."

"ನಿನ್ನೆ ಸಿಮೆಂಟು ಮೆತ್ತಿಸಿದೆ ಕಣೇ, ಇಲಿಕಾಟ! ಯಾಕೆ, ದೆವ್ವ ಕಂಡವಳ ಹಾಗೆ ನಿಂತಿದ್ದೀಯಲ್ಲ?"

ತಾಯಿ ಹೊರಗೆ, ಮರಿಗಳು ಒಳಗೆ. ನಾಚಿಕೆಗೆ ಬೆಂಕಿ ಬೀಳಲಿ ಎಂದು ಅವಳು ಫೋನೆತ್ತಿಕೊಂಡಳು.

"ಈ ಸಲ ನಿಜವಾಗಿಯೂ..."

"ಬಂದೆ," ಎಂದನಷ್ಟೇ.

ಬಂದವನು ಹಲಗೆ ಬಿಚ್ಚಿದ. ನಾರಿನ ಗೂಡಿನಲ್ಲಿ ಮೂರು ಮರಿ, ಕಲ್ಲಿನಷ್ಟು ತಣ್ಣಗೆ. "ಹಾಲು ಗೀಲು ಬೇಡ. ಮೊದಲು ಬಿಸಿ ಬೇಕು," ಎನ್ನುತ್ತಾ ಎರಡನ್ನು ಅಂಗಿಯೊಳಗೆ ಎದೆಗವಚಿಕೊಂಡ, ಒಂದನ್ನು ಅವಳ ಅಂಗೈಗಿಟ್ಟು ಬೆರಳುಗಳನ್ನು ಮುಚ್ಚಿಸಿದ. ಕಿಟಕಿಯಾಚೆ ತಾಯಿ ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವನ ಮರಿಗಳು ಮಿಸುಕಿದವು. ಅವನ್ನು ಕಿಟಕಿಯ ಹೊರಕಟ್ಟೆಯಲ್ಲಿಟ್ಟು ಇಬ್ಬರೂ ಬಾಗಿಲ ಹಿಂದೆ ಸರಿದರು. ತಾಯಿ ಒಂದೊಂದನ್ನೇ ಕಚ್ಚಿಕೊಂಡು ಮರಕ್ಕೋಡಿತು. ಮತ್ತೆ ಬಂದು ಖಾಲಿ ಕಟ್ಟೆಯನ್ನು ಮೂಸಿತು.

ಅವಳ ಕೈಯೊಳಗಿನದು ಇನ್ನೂ ತಣ್ಣಗೇ ಇತ್ತು. ಅವನು ತನ್ನ ಎರಡೂ ಅಂಗೈಗಳಿಂದ ಅವಳ ಕೈಗಳನ್ನು ಸುತ್ತಿ ಹಿಡಿದ. ಯಾರ ಎದೆಬಡಿತವೋ ತಿಳಿಯದಷ್ಟು ಹತ್ತಿರ ಬಾಗಿ ಇಬ್ಬರೂ ಕಾದರು. ಆಮೇಲೆ ಸೂಜಿಮೊನೆಯಂಥ ಉಗುರೊಂದು ಅವಳ ಬೆರಳನ್ನು ಗೀರಿತು.

"ಬದುಕ್ತು," ಎಂದು ಪಿಸುಗುಟ್ಟಿದ. "ಬೆಳಗ್ಗೇನೇ ಯಾಕೆ ಕರೀಲಿಲ್ಲ?"

ನೆಟ್‌ವರ್ಕ್ ಇರಲಿಲ್ಲ ಎನ್ನಬಹುದಿತ್ತು. ಅತ್ತೆ ಬಿಡಲಿಲ್ಲ ಎನ್ನಬಹುದಿತ್ತು. ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ನೀವು ನಂಬಲ್ಲ ಅಂದ್ಕೊಂಡೆ. ಹೋದ ಸಲ ನನ್ನ ಕಿವಿ ಸರಿಯಾಗೇ ಇತ್ತು. ನಿಮ್ಮನ್ನ ನೋಡ್ಬೇಕಿತ್ತು, ಅದಕ್ಕೇ ಕರೆದೆ."