ಹಸಿರು ತೊಟ್ಟಿ ತಿಳಿಯಾದ ಬಗೆ

ತೊಟ್ಟಿಗಳಲ್ಲಿದ್ದ ರೋಟಿಫರ್‌ಗಳು ಸತ್ತುಹೋಗಿದ್ದವು. ಧೂಳಿನಷ್ಟು ಸಣ್ಣ ಆ ಜೀವಿಗಳೇ ಮೀನುಮರಿಗಳ ಮೊದಲ ತುತ್ತು. ಒಳಕೋಣೆಯಲ್ಲಿ ಮರಿಗಳು ಆಗತಾನೇ ಬಾಯಿ ಬಿಟ್ಟಿದ್ದವು. ಬೇರೆ ಯಾವ ಆಹಾರವೂ ಆ ಬಾಯಿಗೆ ಹಿಡಿಸದು. ಮರಿ ಕೇಂದ್ರದ ಯಜಮಾನರು, ವಿಷ ಹಾಕಿದವನು ಅಳಿಯನೇ ಎಂದು ತೀರ್ಪು ಕೊಟ್ಟು, ಸಂಜೆಯೊಳಗೆ ಮನೆ ಬಿಡಲು ಹೇಳಿದರು.

ಅಳಿಯನ ಮೇಲಿನ ಸಿಟ್ಟು ಹಳೆಯದು. ಅವನಿಗೆ ಮಾವನ ಕೆಮ್ಮು ಮಾವನಿಗಿಂತ ಚೆನ್ನಾಗಿ ಬರುತ್ತಿತ್ತು. ಒಂದು ಲೋಟ ಹಿಡಿದು, ಅಡುಗೆಮನೆಯ ಪಾತ್ರೆ ಪಾತ್ರೆಗೂ ಅದ್ದಿ ಮಾವನ ತೊಟ್ಟಿ ತಪಾಸಣೆಯನ್ನು ಆಡಿ ತೋರಿಸುವಾಗ, ಮಾವ ಬಾಗಿಲಲ್ಲೇ ನಿಂತು ನೋಡಿಬಿಟ್ಟಿದ್ದರು.

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ಮಗಳಿಗೆ ಅತ್ತ ಅಪ್ಪ, ಇತ್ತ ಗಂಡ. ಅವಳು ಮಹಡಿ ಹತ್ತಿ ಚಿಕ್ಕಮ್ಮನ ಬಾಗಿಲು ತಟ್ಟಿದಳು. ಮನೆಯಲ್ಲಿ ಏನು ಕಳೆದರೂ ಸೋಸಿ ತೆಗೆಯುವ ಚಿಕ್ಕಮ್ಮನಿಗೆ ‘ಜರಡಿ’ ಎಂದೇ ಹೆಸರು.

ಮೊದಲು ಹೋದದ್ದು ಯಾವುದು ಎಂದು ಚಿಕ್ಕಮ್ಮ ಕೇಳಿದರು. ರೋಟಿಫರ್‌ಗೆ ಉಣಿಸುವ ಪಾಚಿಯ ಹಸಿರು ತೊಟ್ಟಿಗಳು ಮೊದಲು ತಿಳಿಯಾದವು, ರೋಟಿಫರ್ ಆಮೇಲೆ ಎಂದಳು ಮಗಳು. ಆ ತಿಳಿನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ಈಗ ನೋಡಿದಳು. ಬೆರಳೆಣಿಕೆಯಷ್ಟು ಬಡಕಲು ರೋಟಿಫರ್‌ಗಳು ಅಲ್ಲಿ ಇನ್ನೂ ಈಜುತ್ತಿದ್ದವು; ಒಂದು ಮೊಟ್ಟೆಯನ್ನೂ ಹೊತ್ತಿತ್ತು.

ಸಂಜೆ ಎಲ್ಲರೂ ತೊಟ್ಟಿಗಳ ಬಳಿ ಸೇರಿದರು. ಅಳಿಯ ಪೆಟ್ಟಿಗೆ ಹಿಡಿದೇ ಬಂದಿದ್ದ.

"ವಿಷ ಬಿದ್ದಿದ್ರೆ ಇವು ಬದುಕಿರ್ತಿರ್ಲಿಲ್ಲ ಭಾವ," ಎಂದರು ಚಿಕ್ಕಮ್ಮ. "ಹಸಿರು ತೊಟ್ಟಿಗೆ ರೋಟಿಫರ್ ಸೇರ್ಕೊಂಡಿದೆ. ಕಣಜಕ್ಕೆ ಇಲಿ ಹೊಕ್ಕ ಹಾಗೆ. ತಿಂದು, ಹೆತ್ತು, ಪಾಚಿ ಪೂರ್ತಿ ಖಾಲಿ ಮಾಡಿವೆ. ಆಮೇಲೆ ಆ ಕಡೆ ತೊಟ್ಟಿಯವಕ್ಕೂ ಉಪವಾಸ."

"ಸೇರಿಸಿದ್ದು ಯಾರು?" ಯಜಮಾನರು ಅಳಿಯನನ್ನೇ ನೋಡುತ್ತಿದ್ದರು.

ಮಾವ ಈಚೆಗೆ ಬೆಳಗ್ಗೆ ಇಲ್ಲಿ ಏನು ಮಾಡುತ್ತಾರೋ ಹಾಗೇ ಮಾಡು ಎಂದು ಚಿಕ್ಕಮ್ಮ ಅಳಿಯನಿಗೆ ಹೇಳಿದರು. ಅವನು ಹಿಂಜರಿದು, ಪೆಟ್ಟಿಗೆ ಇಳಿಸಿ, ಕೆಮ್ಮಿದ. ರೋಟಿಫರ್ ತೊಟ್ಟಿಗೆ ಲೋಟ ಅದ್ದಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ "ಭೇಷ್, ಮಕ್ಕಳಾ" ಎಂದ. ನೀರನ್ನು ಅಲ್ಲೇ ಸುರಿದ. ಅದೇ ಲೋಟವನ್ನು ಹಸಿರು ತೊಟ್ಟಿಗೆ ಅದ್ದಿದ. ಆಮೇಲೆ ಅದರ ಪಕ್ಕದ್ದಕ್ಕೆ.

ಯಾರೂ ನಗಲಿಲ್ಲ. ಒಂದೊಂದು ತೊಟ್ಟಿಗೂ ಮಗಳೇ ಕಟ್ಟಿದ್ದ ಬೇರೆ ಬೇರೆ ಲೋಟಗಳು ಒಣಗಿ ನೇತಾಡುತ್ತಿದ್ದವು. ಮರಿಗಳು ಹೊರಬರುವ ದಿನ ಹತ್ತಿರವಾದ ಆತುರದಲ್ಲಿ ಅಪ್ಪ ಅವನ್ನು ಮರೆತಿದ್ದರು.

"ಲೋಟಕ್ಕೆ ಅಂಟಿದ ಒಂದು ಹನಿ ಸಾಕಾಯ್ತು ಭಾವ," ಎಂದರು ಚಿಕ್ಕಮ್ಮ ಮೆಲ್ಲಗೆ.

ಯಜಮಾನರು ಪೆಟ್ಟಿಗೆ ಒಳಗಿಡಪ್ಪ ಎಂದು ಅಳಿಯನಿಗೆ ಹೇಳಿ, ಮತ್ತೆ ಬೆಳೆಸಲು ಎಷ್ಟು ದಿನ ಬೇಕೆಂದು ಮಗಳನ್ನು ಕೇಳಿದರು. ಪಾಚಿಗೇ ಒಂದು ವಾರ ಎಂದಳು. ಮರಿಗಳ ಬಳಿ ಅಷ್ಟು ದಿನ ಇಲ್ಲವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಒಳಕೋಣೆಯಲ್ಲಿ ಮರಿಗಳು ದೀಪದ ಕೆಳಗೆ ಗುಂಪುಗೂಡಿ, ಬರೀ ನೀರಿಗೆ ಬಾಯಿ ಹಾಕುತ್ತಿದ್ದವು.

"ದೀಪ ಆರಿಸಮ್ಮ," ಎಂದರು ಅಪ್ಪ. "ಕತ್ತಲಲ್ಲಾದ್ರೂ ಹುಡುಕೋದು ಬಿಡ್ಲಿ."